ಸೀಟು ಒಂದು ಕಡೆ, ರೊಕ್ಕ ಒಂದು ಕಡೆ: ಮಗುವಿನ ಕಾಲೇಜಿಗೆ ಮನೆಯವರು ಮಾಡತಕ್ಕ ಸಿದ್ಧತೆ

(ಮೂಡಲಗಿ ಭಾಗದ ಒಂದು ಊರಿನ ಹನುಮಂತ ದೇವರ ಗುಡಿಯ ಕಟ್ಟೆಯ ಮೇಲೆ ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ. ಗೋಕಾಕ ಮತ್ತು ಹುಕ್ಕೇರಿ ಕಡೆಯ ರೈತರೂ ಕೇಳಿದ್ದರಿಂದ ಇಲ್ಲಿ ಅಚ್ಚು ಹಾಕಲಾಗಿದೆ.)



ನಾನು ಈ ಕಟ್ಟೆಗೆ ಬಂದಾಗಲೆಲ್ಲ ಬೀಜೋಪಚಾರದ ಮಾತೋ, ಗೋವಿನಜೋಳದ ಸೈನಿಕ ಹುಳದ ಮಾತೋ, ಕಬ್ಬಿನ ರವದಿ ಸುಡಬೇಡಿರಿ ಎಂಬ ಮಾತೋ ಆಡಿ ಹೋಗುವವನು. ಇಂದು ಬೇರೆ ಬೆಳೆಯ ಮಾತು ಆಡಬೇಕೆಂದಿದ್ದೇನೆ. ಅದು ನಿಮ್ಮ ಮನೆಯ ಮಕ್ಕಳ ಮಾತು. ಹತ್ತನೆಯ ತರಗತಿ ಮುಗಿಸಿದ, ಪಿ.ಯು.ಸಿ. ಮುಗಿಸಿದ ಹುಡುಗ ಹುಡುಗಿಯರು ಪ್ರತಿ ಊರಿನಲ್ಲಿಯೂ ಇದ್ದಾರೆ. ಅಂಕಗಳು ಚೆನ್ನಾಗಿಯೇ ಬಂದಿರುತ್ತವೆ. ಆದರೆ ಮನೆಯಲ್ಲಿ ಒಂದೇ ಮಾತು: "ಓದಸಾಕ ರೊಕ್ಕ ಎಲ್ಲಿ ಐತಿ?" ಗಂಡು ಹುಡುಗ ಟ್ರ್ಯಾಕ್ಟರ್ ಏರುತ್ತಾನೆ. ಹೆಣ್ಣು ಮಗುವಿಗೆ ವರನನ್ನು ಹುಡುಕುತ್ತಾರೆ. ಹೀಗೆ ಆಗಬಾರದು ಎಂಬುದಕ್ಕಾಗಿ ಈ ಎರಡು ಮಾತು.

ರೊಕ್ಕವೇ ಇಲ್ಲವೆಂದಲ್ಲ. ಸರಕಾರ ಇಟ್ಟಿದೆ, ದಾನಿಗಳು ಇಟ್ಟಿದ್ದಾರೆ. ಅದು ನಮ್ಮ ಮನೆಯ ಬಾಗಿಲಿಗೆ ಏಕೆ ಬರುವುದಿಲ್ಲ ಎಂಬುದನ್ನು ನೋಡೋಣ.

ಇದು ಹೊಸ ಸಂಗತಿಯಲ್ಲ

ಬಡವರ ಮಕ್ಕಳು ಅನ್ಯರ ನೆರವಿನಿಂದ ಓದುವುದು ನಮ್ಮ ನಾಡಿಗೆ ಹೊಸದೇನಲ್ಲ. ನಮ್ಮ ಅಜ್ಜಂದಿರ ಕಾಲದಲ್ಲಿ ಹುಡುಗರು ವಾರಾನ್ನ ಉಂಡು ಓದಿದರು, ಮಠಗಳ ಪ್ರಸಾದ ನಿಲಯಗಳಲ್ಲಿ ಇದ್ದು ಓದಿದರು. ನಮ್ಮ ಜಿಲ್ಲೆಯ ಶಿರಸಂಗಿಯ ಲಿಂಗರಾಜ ದೇಸಾಯರ ಹೆಸರನ್ನು ತಾವೆಲ್ಲ ಕೇಳಿದ್ದೀರಿ. 1906ರಲ್ಲಿ ತೀರಿಕೊಂಡ ಅವರು ತಮ್ಮ ಸಂಸ್ಥಾನದ ಆಸ್ತಿಯನ್ನು ಮಕ್ಕಳ ವಿದ್ಯೆಗೆಂದು ಬರೆದಿಟ್ಟು ಹೋದರು. ಆ ಆಸ್ತಿಯ ಟ್ರಸ್ಟಿನ ನೆರವಿನಿಂದ ಎಷ್ಟೋ ಜನ ವಿದ್ಯಾರ್ಥಿಗಳು ಓದಿ ಮುಂದೆ ಬಂದರು. ಬೆಳಗಾವಿಯಲ್ಲಿ 1916ರಲ್ಲಿ ಏಳು ಮಂದಿ ಶಿಕ್ಷಕರು ಕೂಡಿ ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದರು. ಆ ಸಂಸ್ಥೆ 1933ರಲ್ಲಿ ತೆರೆದ ಕಾಲೇಜಿಗೆ ಲಿಂಗರಾಜರ ಹೆಸರನ್ನೇ ಇಟ್ಟರು.

ಆದುದರಿಂದ ಶಿಷ್ಯವೇತನ ಪಡೆಯುವುದು ಬೇಡುವ ಕೆಲಸವೆಂದು ಯಾರೂ ನಾಚಬೇಕಾಗಿಲ್ಲ. ಅದು ಮಗುವಿನ ವಿದ್ಯೆಗೆಂದೇ ತೆಗೆದಿಟ್ಟ ಬೀಜದ ಕಾಳು. ಬೀಜದ ಕಾಳನ್ನು ಬಿತ್ತದೆ ಬಿಟ್ಟರೆ ನುಸಿ ಹಿಡಿಯುತ್ತದೆ.

ಜೋಡಿಸುವವರು ಯಾರು?

ಅಮೆರಿಕ ದೇಶದಲ್ಲಿ ಕ್ವೆಸ್ಟ್‌ಬ್ರಿಜ್ ಎಂಬ ಒಂದು ಸಂಸ್ಥೆ ಇದೆ. ಬಡ ಮನೆಯ ಜಾಣ ಮಕ್ಕಳು ಅಲ್ಲಿಗೆ ಒಂದು ಅರ್ಜಿ ಹಾಕುತ್ತಾರೆ, ತಮಗೆ ಬೇಕಾದ ಕಾಲೇಜುಗಳನ್ನು ಒಂದು, ಎರಡು, ಮೂರು ಎಂದು ಕ್ರಮವಾಗಿ ಬರೆದು ಕೊಡುತ್ತಾರೆ. ಕಾಲೇಜಿನವರು ತಮಗೆ ಬೇಕಾದ ಮಕ್ಕಳನ್ನು ಆರಿಸುತ್ತಾರೆ. ಎರಡೂ ಕಡೆ ಕೂಡಿ ಬಂದರೆ ಆ ಮಗುವಿಗೆ ಸೀಟೂ ಸಿಕ್ಕಿತು, ನಾಲ್ಕು ವರ್ಷದ ಫೀ, ಊಟ, ವಸತಿಯ ಖರ್ಚೂ ಸಿಕ್ಕಿತು. ನಾವು ಸಂಬಂಧ ಕೂಡಿಸುವ ಹಾಗೆ, ಸೀಟು ಮತ್ತು ಹಣ ಎರಡಕ್ಕೂ ಒಬ್ಬರೇ ಗಂಟು ಹಾಕಿ ಕೊಡುತ್ತಾರೆ.

ನಮ್ಮಲ್ಲಿ ಆ ವ್ಯವಸ್ಥೆ ಇಲ್ಲ. ಸೀಟು ಕೊಡುವವರು ಒಂದು ಕಡೆ ಇದ್ದಾರೆ, ಹಣ ಕೊಡುವವರು ಇನ್ನೊಂದು ಕಡೆ, ವಸತಿ ನಿಲಯ ಮತ್ತೊಂದು ಕಡೆ. ಮೂರಕ್ಕೂ ಬೇರೆ ಬೇರೆ ಅರ್ಜಿ, ಬೇರೆ ಬೇರೆ ದಿನ. ಇವನ್ನು ಜೋಡಿಸುವ ಕೆಲಸ ಯಾರದು? ಅದು ಮಗುವಿನದು ಮತ್ತು ಮನೆಯವರದು. ಈ ಒಂದು ಮಾತು ಮನಸ್ಸಿನಲ್ಲಿ ಉಳಿದರೆ ನಾನು ಇಲ್ಲಿಗೆ ಬಂದದ್ದು ಸಾರ್ಥಕ. ಅಂಕ ಬಂತೆಂದರೆ ಎಲ್ಲವೂ ತಾನಾಗಿ ಬರುತ್ತದೆ ಎಂದು ಕೂತರೆ ಏನೂ ಬರುವುದಿಲ್ಲ.

ನನ್ನ ಮನೆಯ ಕತೆ

ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರೆ. ನನ್ನ ಮನೆಯ ಕತೆಯನ್ನೇ ಹೇಳುತ್ತೇನೆ.

ನಮ್ಮದು ಹುಕ್ಕೇರಿ ಕಡೆಯ ಹಳ್ಳಿ. ಮೂರು ಎಕರೆ ಹೊಲ. ಹತ್ತನೆಯ ತರಗತಿಯ ಮೇಲೆ ನಾನು ಕೃಷಿ ಡಿಪ್ಲೊಮಾಕ್ಕೆ ಸೇರಿದೆ. ಎರಡು ವರ್ಷದ ಓದು, ಪಾಠವೆಲ್ಲ ಕನ್ನಡದಲ್ಲಿಯೇ. ಅದು ಮುಗಿದು ಈ ಕೆಲಸ ಹಿಡಿದೆ. ನನ್ನ ತಂಗಿ ನನಗಿಂತ ಜಾಣೆ. ಅವಳು 2021ರಲ್ಲಿ ಪಿ.ಯು.ಸಿ. ಮುಗಿಸಿದಳು. ಅದೇ ವರ್ಷ ಸರಕಾರದವರು ರೈತರ ಮಕ್ಕಳಿಗೆಂದು 'ರೈತ ವಿದ್ಯಾನಿಧಿ' ಎಂಬ ಶಿಷ್ಯವೇತನವನ್ನು ಆರಂಭಿಸಿದರು. ಆಗ ಗೊತ್ತುಮಾಡಿದ ಮೊತ್ತ ಹೀಗಿತ್ತು: ಪಿ.ಯು.ಸಿ., ಐ.ಟಿ.ಐ., ಡಿಪ್ಲೊಮಾ ಓದುವ ಹುಡುಗರಿಗೆ ವರ್ಷಕ್ಕೆ 2,500 ರೂಪಾಯಿ, ಹುಡುಗಿಯರಿಗೆ 3,000. ಬಿ.ಎ., ಬಿ.ಎಸ್‌ಸಿ., ಬಿ.ಕಾಂ. ಮೊದಲಾದ ಪದವಿಗೆ 5,000 ಮತ್ತು 5,500. ಕಾನೂನು, ನರ್ಸಿಂಗ್, ಫಾರ್ಮಸಿಗೆ 7,500 ಮತ್ತು 8,000. ವೈದ್ಯಕೀಯ, ಇಂಜನಿಯರಿಂಗ್, ಸ್ನಾತಕೋತ್ತರ ಓದಿಗೆ 10,000 ಮತ್ತು 11,000.

ಇದಕ್ಕೆ ತಂದೆ ಅಥವಾ ತಾಯಿಯ ಹೆಸರಿನಲ್ಲಿ ಎಫ್.ಐ.ಡಿ., ಅಂದರೆ ರೈತರ ಗುರುತಿನ ಸಂಖ್ಯೆ, ಬೇಕು. ಎಫ್.ಐ.ಡಿ. ಮಾಡಿಸಬೇಕಾದರೆ ಹೊಲದ ಉತಾರದಲ್ಲಿ ಅವರ ಹೆಸರಿರಬೇಕು. ನಮ್ಮ ಉತಾರದಲ್ಲಿ ಯಾರ ಹೆಸರಿತ್ತು? ಅಜ್ಜನ ಹೆಸರು. ಅಜ್ಜ ತೀರಿ ಹನ್ನೆರಡು ವರ್ಷವಾಗಿತ್ತು! ಅಪ್ಪ, ಇಬ್ಬರು ಕಾಕಂದಿರು ಉಳುತ್ತಿದ್ದರು, ಬೆಳೆಯುತ್ತಿದ್ದರು, ಆದರೆ ವಾರಸಾ ಮಾಡಿಸಿರಲಿಲ್ಲ. "ಅಣ್ಣ ತಮ್ಮರ ನಡುವೆ ಜಗಳ ಇಲ್ಲ, ಕಾಗದ ಯಾಕ ಬೇಕು?" ಎಂಬುದು ಅಪ್ಪನ ಮಾತು. ನಾನು ಊರೂರು ತಿರುಗಿ ಎಫ್.ಐ.ಡಿ. ಮಾಡಿಸಿರಿ ಎಂದು ಹೇಳುತ್ತಿದ್ದವನು. ನನ್ನ ಮನೆಯ ಉತಾರವನ್ನೇ ತೆಗೆದು ನೋಡಿರಲಿಲ್ಲ.

ಆಗ ಓಡಾಟ ಸುರುವಾಯಿತು. ಅಜ್ಜನ ಮರಣದ ದಾಖಲೆ ತೆಗೆಸಿದೆವು. ವಂಶಾವಳಿ ಮಾಡಿಸಿದೆವು. ಅತ್ತೆಯನ್ನು ಗಡಹಿಂಗ್ಲಜ ಕಡೆ ಕೊಟ್ಟಿದೆ, ಅವರ ಸಹಿಗಾಗಿ ಗಡಿ ದಾಟಿ ಮೂರು ಸಲ ಹೋದೆವು. ಎಲ್ಲ ಮುಗಿದು ಉತಾರದಲ್ಲಿ ಅಪ್ಪನ ಹೆಸರು ಏರುವ ಹೊತ್ತಿಗೆ ತಂಗಿಯ ಬಿ.ಎಸ್‌ಸಿ. ಮುಗಿಯುತ್ತ ಬಂದಿತ್ತು. ವರ್ಷಕ್ಕೆ 5,500ರಂತೆ ಮೂರು ವರ್ಷಕ್ಕೆ 16,500 ರೂಪಾಯಿ ಹೋಯಿತು.

ಅದಕ್ಕಿಂತ ದೊಡ್ಡದು ಇನ್ನೊಂದು ಹೋಯಿತು. ಅವಳಿಗೆ ಕೃಷಿ ಪದವಿ ಓದುವ ಆಸೆ ಇತ್ತು. ಕೃಷಿ ವಿಶ್ವವಿದ್ಯಾಲಯಗಳ ಪದವಿಗಳಲ್ಲಿ ರೈತರ ಮಕ್ಕಳಿಗೆಂದು ಸೀಟುಗಳನ್ನು ತೆಗೆದಿಡುತ್ತಾರೆ. ಮೊದಲು ನೂರಕ್ಕೆ 40 ಇದ್ದದ್ದನ್ನು 2021ರಲ್ಲಿ 50ಕ್ಕೆ ಏರಿಸಿದರು. ಆ ಕೋಟಾಕ್ಕೆ ನಾವು ಕೃಷಿಕರೆಂದು ತೋರಿಸುವ ಕಾಗದ ಬೇಕು. ಹೊಲ ಉಳುವ ಮನೆಯ ಮಗಳು, ಆದರೆ ಕೊನೆಯ ದಿನದೊಳಗೆ ಆ ಕಾಗದ ಕೂಡಿ ಬರಲಿಲ್ಲ. ತಂಗಿ ನನಗೆ ಒಂದು ಮಾತನ್ನೂ ಅನ್ನಲಿಲ್ಲ. ಅಂದಿದ್ದರೆ ನನಗೆ ಹಗುರವಾಗುತ್ತಿತ್ತು.

ಇದರಲ್ಲಿ ಯಾರ ತಪ್ಪು? ಕಚೇರಿಯವರದಲ್ಲ, ಕಾಲೇಜಿನವರದೂ ಅಲ್ಲ. ನಮ್ಮದೇ. ಅದಕ್ಕಾಗಿ ಈ ಕತೆ ಹೇಳಿದೆ.

ಮೊದಲ ಕೆಲಸ: ಉತಾರ ನೋಡಿರಿ

ಇಂದು ರಾತ್ರಿ ಮನೆಗೆ ಹೋದ ಮೇಲೆ ಪೆಟ್ಟಿಗೆಯಿಂದ ಉತಾರ ತೆಗೆದು ನೋಡಿರಿ. ಅದರಲ್ಲಿ ತೀರಿಹೋದವರ ಹೆಸರಿದ್ದರೆ ವಾರಸಾ ಮಾಡಿಸುವುದೇ ಮಗುವಿನ ಓದಿನ ಮೊದಲ ಕೆಲಸವೆಂದು ತಿಳಿಯಿರಿ. ಮರಣದ ದಾಖಲೆ, ವಂಶಾವಳಿ, ವಾರಸದಾರರ ಆಧಾರ ಕಾರ್ಡು ತೆಗೆದುಕೊಂಡು ನಾಡಕಚೇರಿಗೆ ಹೋಗಿರಿ. ನಮ್ಮ ಹಿರಿಯರು ತಲಾಠಿ ಎನ್ನುತ್ತಿದ್ದ ಗ್ರಾಮ ಆಡಳಿತಾಧಿಕಾರಿಗಳನ್ನು ಕಂಡು ಮಾತಾಡಿರಿ. 2025ರಲ್ಲಿ ಕಂದಾಯ ಇಲಾಖೆಯವರು ಇ-ಪೌತಿ ಎಂಬ ಆಂದೋಲನವನ್ನು ಹಮ್ಮಿಕೊಂಡದ್ದು ಇದೇ ತೊಂದರೆಗಾಗಿ. ಹೆಣ್ಣುಮಕ್ಕಳಿಗೂ ತಂದೆಯ ಆಸ್ತಿಯಲ್ಲಿ ಹಕ್ಕಿದೆ. ಅವರನ್ನು ಬಿಟ್ಟು ವಂಶಾವಳಿ ಬರೆಸಿದರೆ ಕೆಲಸ ಮತ್ತೆ ಹಿಂದಕ್ಕೆ ಬರುತ್ತದೆ, ಸಂಬಂಧವೂ ಕೆಡುತ್ತದೆ.

ಉತಾರ ಸರಿಯಾದ ಮೇಲೆ ರೈತ ಸಂಪರ್ಕ ಕೇಂದ್ರಕ್ಕೆ ಬನ್ನಿರಿ. ಉತಾರ, ಆಧಾರ, ಬ್ಯಾಂಕಿನ ಪಾಸ್‌ಬುಕ್ಕು ತಂದರೆ ಎಫ್.ಐ.ಡಿ. ಮಾಡಿ ಕೊಡುತ್ತೇವೆ. ಇದಕ್ಕೆ ಯಾರಿಗೂ ಒಂದು ಬಿಡಿಗಾಸು ಕೊಡಬೇಕಾಗಿಲ್ಲ. ಕೆಲವರು ಒಂದು ಹೊಲಕ್ಕೆ ಎಫ್.ಐ.ಡಿ. ಮಾಡಿಸಿ, ಇನ್ನೊಂದು ಸರ್ವೆ ನಂಬರನ್ನು ಬಿಟ್ಟಿರುತ್ತಾರೆ. ಅದನ್ನೂ ಸೇರಿಸಿರಿ.

ಹೊಲ ಇಲ್ಲದ ಕೂಲಿಕಾರ ಬಂಧುಗಳು ಇದು ನಮಗಲ್ಲ ಎಂದು ಎದ್ದು ಹೋಗಬೇಡಿರಿ. 2022ರಲ್ಲಿ ವಿದ್ಯಾನಿಧಿಯನ್ನು ಕೃಷಿ ಕೂಲಿಕಾರರ ಮಕ್ಕಳಿಗೂ ವಿಸ್ತರಿಸಿದರು. ಮೊತ್ತ ಮತ್ತು ನಿಯಮಗಳು ಬದಲಾಗಬಹುದು. ಆದ್ದರಿಂದ ಆಯಾ ವರ್ಷದ ಆದೇಶವನ್ನು ಕಾಲೇಜಿನ ಕಚೇರಿಯಲ್ಲಿ ಕೇಳಿ ನಡೆಯತಕ್ಕದ್ದು.

ಸೀಟಿನ ಮಾತು

ಕೃಷಿ, ತೋಟಗಾರಿಕೆ, ಇಂಜನಿಯರಿಂಗ್ ಮೊದಲಾದವುಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದವರು ಸಿ.ಇ.ಟಿ. ಎಂಬ ಪರೀಕ್ಷೆ ನಡೆಸುತ್ತಾರೆ. ಅರ್ಜಿಯ ಕಾಲ ಸಂಕ್ರಾಂತಿಯ ಸುತ್ತಮುತ್ತ ಬರುತ್ತದೆ, ಪರೀಕ್ಷೆ ಯುಗಾದಿಯ ಆಚೀಚೆ. ಅರ್ಜಿ ತುಂಬುವಾಗಲೇ ಮೂರು ಸಂಗತಿಗಳನ್ನು ಮರೆಯದೆ ಗುರುತು ಮಾಡಬೇಕು.

ಒಂದನೆಯದು, ಗ್ರಾಮೀಣ ಮೀಸಲಾತಿ. ಒಂದರಿಂದ ಹತ್ತನೆಯ ತರಗತಿಯವರೆಗೆ ಹತ್ತು ವರ್ಷವೂ ಹಳ್ಳಿಯ ಶಾಲೆಯಲ್ಲಿ ಓದಿದ ಮಕ್ಕಳಿಗೆ ನೂರಕ್ಕೆ 15 ಸೀಟು ಇವೆ. ಶಾಲೆಯವರು ಕೊಟ್ಟ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜು ಬೇಕು. ಇಲ್ಲಿ ತಾವು ಒಂದು ಎಚ್ಚರಿಕೆ ವಹಿಸಬೇಕು. ಎಷ್ಟೋ ಜನ ಒಳ್ಳೆಯ ಶಾಲೆಯೆಂದು ಎಂಟನೆಯ ತರಗತಿಗೆ ಮಗುವನ್ನು ಪಟ್ಟಣಕ್ಕೆ ಹಾಕುತ್ತೀರಿ. ಆ ಮೂರು ವರ್ಷದಿಂದ ಗ್ರಾಮೀಣ ಮೀಸಲಾತಿ ತಪ್ಪುತ್ತದೆ. ಹಾಕಬೇಡಿರಿ ಎಂದು ನಾನು ಹೇಳುವುದಿಲ್ಲ. ಏನು ಬಿಡುತ್ತಿದ್ದೇವೆ ಎಂಬುದನ್ನು ತಿಳಿದು ಹಾಕಿರಿ.

ಎರಡನೆಯದು, ಕನ್ನಡ ಮಾಧ್ಯಮ. ಒಂದರಿಂದ ಹತ್ತರವರೆಗೆ ಕನ್ನಡದಲ್ಲಿ ಓದಿದವರಿಗೆ ನೂರಕ್ಕೆ 5 ಸೀಟು ಇವೆ.

ಮೂರನೆಯದು, ಆಗಲೇ ಹೇಳಿದ ಕೃಷಿಕರ ಕೋಟಾ. ಇದಕ್ಕೆ ಮಕ್ಕಳಿಗೆ ಒಂದು ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಬೀಜ, ಗೊಬ್ಬರ, ಬೆಳೆ, ಒಕ್ಕಲುತನದ ಉಪಕರಣಗಳನ್ನು ಗುರುತಿಸಿ ಹೇಳಬೇಕು. ಹೊಲದಲ್ಲಿ ಬೆಳೆದ ಮಗುವಿಗೆ ಇದು ಸುಲಭವೆಂದು ತಾವು ಅನ್ನುವಿರಿ. ಆದರೆ ಈಗಿನ ಮಕ್ಕಳಲ್ಲಿ ಕುಂಟೆ ಯಾವುದು, ಕೂರಿಗೆ ಯಾವುದು ಎಂದು ತಿಳಿಯದವರು ಬಹಳ. ಸೂಟಿಯಲ್ಲಿ ಮಗುವನ್ನು ಹೊಲಕ್ಕೆ ಕರೆದುಕೊಂಡು ಹೋಗಿರಿ. ಕುಸುಬೆ, ಅಗಸಿ, ಗುರೆಳ್ಳಿನ ಕಾಳು ಕೈಯಲ್ಲಿ ಕೊಟ್ಟು ಹೆಸರು ಹೇಳಿಸಿರಿ. ಯೂರಿಯಾ ಯಾವುದು, ಪೊಟ್ಯಾಶ್ ಯಾವುದು ತೋರಿಸಿರಿ. ಈ ಪಾಠಕ್ಕೆ ನಿಮಗಿಂತ ಒಳ್ಳೆಯ ಮಾಸ್ತರರು ಸಿಗುವುದಿಲ್ಲ.

ಕೃಷಿ ಮತ್ತು ತೋಟಗಾರಿಕೆ ಓದಬೇಕಾದರೆ ಪಿ.ಯು.ಸಿ.ಯಲ್ಲಿ ವಿಜ್ಞಾನ ತೆಗೆದುಕೊಂಡು ಜೀವಶಾಸ್ತ್ರ ಓದಿರಬೇಕು. ಇದನ್ನು ಹತ್ತನೆಯ ತರಗತಿ ಮುಗಿದ ಕೂಡಲೇ ನಿಶ್ಚಯಿಸಬೇಕು. ದೂರದ ಊರಿಗೆ ಕಳಿಸಲು ಅಂಜುವ ತಾಯಂದಿರು ನಮ್ಮ ಅರಭಾವಿಯನ್ನೇ ನೋಡಿರಿ. ಅಲ್ಲಿಯ ಕಿತ್ತೂರ ರಾಣಿ ಚೆನ್ನಮ್ಮ ತೋಟಗಾರಿಕೆ ಮಹಾವಿದ್ಯಾಲಯ ಬಾಗಲಕೋಟೆಯ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ದಿನಾಲು ಬಸ್ಸಿನಲ್ಲಿ ಅದರ ಮುಂದೆ ಹಾಯ್ದು ಹೋಗುತ್ತೇವೆ. ನಮ್ಮ ಮಕ್ಕಳು ಒಳಗೆ ಹೋಗಬೇಕು.

ಕಾಲೇಜುಗಳನ್ನು ಬರೆಯುವ ಕ್ರಮ

ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಮಗು ತನಗೆ ಬೇಕಾದ ಕಾಲೇಜುಗಳನ್ನು ಕ್ರಮವಾಗಿ ಬರೆಯಬೇಕು. ಯಂತ್ರವು ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತ ಬಂದು, ಮಗುವಿನ ರ್‍ಯಾಂಕಿಗೆ ಸಿಗುವ ಮೊದಲನೆಯದನ್ನು ಕೊಡುತ್ತದೆ. ಆದುದರಿಂದ ಮನಸ್ಸಿಗೆ ಬೇಕಾದುದನ್ನೇ ಮೊದಲು ಬರೆಯಬೇಕು. "ನಮಗ ಎಲ್ಲಿ ಸಿಗತೈತಿ" ಎಂದು ಅಂಜಿ ಅದನ್ನು ಕೆಳಗೆ ಬರೆದರೆ, ಸಿಗಬಹುದಾಗಿದ್ದುದೂ ತಪ್ಪುತ್ತದೆ. ಮೇಲೆ ಬರೆದು ಅದು ಸಿಗದಿದ್ದರೆ ನಷ್ಟವಿಲ್ಲ, ಯಂತ್ರ ಮುಂದಿನದಕ್ಕೆ ಹೋಗುತ್ತದೆ. ಪಟ್ಟಿಯನ್ನು ಉದ್ದವಾಗಿಯೇ ಬರೆಯಿರಿ. ಆದರೆ ಸಿಕ್ಕರೂ ಕಳಿಸಲಾಗದಂಥ ಕಾಲೇಜನ್ನು ಬರೆಯಬೇಡಿರಿ.

ಇಂಜನಿಯರಿಂಗ್ ಓದುವ ಮಕ್ಕಳಿಗೆ ಎಸ್.ಎನ್.ಕ್ಯೂ. ಎಂಬ ಇನ್ನೊಂದು ಅನುಕೂಲವಿದೆ. ಇದ್ದ ಸೀಟುಗಳ ಮೇಲೆ ನೂರಕ್ಕೆ 5ರಂತೆ ಹೆಚ್ಚಿನ ಸೀಟು ಕೊಟ್ಟು ಬೋಧನಾ ಶುಲ್ಕವನ್ನು ಬಿಡುತ್ತಾರೆ. ತಂದೆ ತಾಯಿಯ ವರಮಾನ ವರ್ಷಕ್ಕೆ 8 ಲಕ್ಷದ ಒಳಗಿರಬೇಕು. ಇದನ್ನೂ ಅರ್ಜಿಯಲ್ಲಿಯೇ ಕೇಳಿರುತ್ತಾರೆ. "ಬೇಕು" ಎಂದು ಗುರುತು ಮಾಡದವರಿಗೆ ಸಿಗುವುದಿಲ್ಲ.

ಈ ಪಟ್ಟಿಯನ್ನು ಕಂಪ್ಯೂಟರ ಅಂಗಡಿಯವನ ಕೈಗೆ ಬಿಟ್ಟು ಚಹಾ ಕುಡಿಯಲು ಹೋಗಬೇಡಿರಿ. ಅಂಗಡಿಯವನು ಒತ್ತುವ ಕೆಲಸ ಮಾಡಲಿ. ಏನು ಒತ್ತಬೇಕೆಂಬುದನ್ನು ಮಗುವೇ ಮನೆಯಲ್ಲಿ ಕೂತು ಹಾಳೆಯ ಮೇಲೆ ಬರೆದುಕೊಂಡು ಹೋಗಲಿ.

ಹಣದ ಮಾತು

ಸರಕಾರದ ಶಿಷ್ಯವೇತನಗಳಿಗೆ ಎಸ್.ಎಸ್.ಪಿ. ಎಂಬ ಒಂದು ಜಾಗ ಮಾಡಿದ್ದಾರೆ, ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ ಎಂದು ಅದರ ಹೆಸರು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರು, ಎಲ್ಲರ ಮಕ್ಕಳೂ ಕಾಲೇಜು ಸೇರಿದ ಮೇಲೆ ಅಲ್ಲಿಯೇ ಅರ್ಜಿ ಹಾಕಬೇಕು. ಪರಿಶಿಷ್ಟರ ಮೆಟ್ರಿಕ್ ನಂತರದ ಕೇಂದ್ರದ ಶಿಷ್ಯವೇತನಕ್ಕೆ ವರಮಾನದ ಮಿತಿ ವರ್ಷಕ್ಕೆ 2.5 ಲಕ್ಷ ರೂಪಾಯಿ. ಉಳಿದವರಿಗೆ ವರ್ಗವರ್ಗಕ್ಕೆ ಮಿತಿ ಬೇರೆ. ಹಾಸ್ಟೆಲಿನಲ್ಲಿ ಜಾಗ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ ಎಂಬ ಯೋಜನೆ ಇದೆ. 2013ರಲ್ಲಿ ಅದು ಆರಂಭವಾದಾಗ ತಿಂಗಳಿಗೆ 1,500 ರೂಪಾಯಿಯಂತೆ ವರ್ಷದಲ್ಲಿ 10 ತಿಂಗಳು ಕೊಡುವುದೆಂದು ಗೊತ್ತು ಮಾಡಿದರು.

ದಾನಿಗಳ ಕಡೆಯಿಂದಲೂ ಸಹಾಯವಿದೆ. ಸರೋಜಿನಿ ದಾಮೋದರನ್ ಪ್ರತಿಷ್ಠಾನದವರ 'ವಿದ್ಯಾಧನ' ಎಂಬುದು ಹತ್ತನೆಯ ತರಗತಿಯಲ್ಲಿ ಬಹಳ ಒಳ್ಳೆಯ ಅಂಕ ಪಡೆದ, ಮನೆಯ ವರಮಾನ ವರ್ಷಕ್ಕೆ 2 ಲಕ್ಷದ ಒಳಗಿರುವ ಮಕ್ಕಳಿಗೆ. ಪರೀಕ್ಷೆ ಮಾಡಿ, ಮಾತಾಡಿಸಿ ಆರಿಸುತ್ತಾರೆ. ಚೆನ್ನಾಗಿ ಓದಿದರೆ ಪದವಿಯವರೆಗೂ ಕೈ ಹಿಡಿಯುತ್ತಾರೆ. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದವರದು ಹೆಣ್ಣುಮಕ್ಕಳಿಗಾಗಿಯೇ ಇದೆ. ಹತ್ತನೆಯ ತರಗತಿ ಮತ್ತು ಪಿ.ಯು.ಸಿ. ಎರಡನ್ನೂ ಸರಕಾರಿ ಶಾಲೆ ಕಾಲೇಜಿನಲ್ಲಿ ಓದಿ, ಪದವಿ ಅಥವಾ ಡಿಪ್ಲೊಮಾದ ಮೊದಲ ವರ್ಷಕ್ಕೆ ಸೇರಿದ ಹುಡುಗಿಗೆ ವರ್ಷಕ್ಕೆ 30,000 ರೂಪಾಯಿ ಕೊಡುತ್ತಾರೆ. ಸರಕಾರಿ ಶಾಲೆಯಲ್ಲಿ ಓದಿದ್ದೇ ಇಲ್ಲಿ ಅರ್ಹತೆ, ನೋಡಿರಿ!

ಇಷ್ಟಾದರೂ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಫೀ ತುಂಬುವ ದಿನ ಮೊದಲು ಬರುತ್ತದೆ, ಶಿಷ್ಯವೇತನ ಆಮೇಲೆ ಬರುತ್ತದೆ. ಈ ನಡುವಿನ ತಿಂಗಳುಗಳಲ್ಲಿಯೇ ಮಕ್ಕಳು ಕಾಲೇಜು ಬಿಡುವುದು, ಮನೆಯವರು ನೂರಕ್ಕೆ ಮೂರು ಬಡ್ಡಿಯ ಸಾಲಕ್ಕೆ ಕೈ ಹಾಕುವುದು. ಕಬ್ಬಿನ ಬಿಲ್ಲು ಬಂದಾಗ ಮಗುವಿನ ಮೊದಲ ಫೀಯಷ್ಟು ಬದಿಗೆ ತೆಗೆದಿಡಿರಿ. ಸಿ.ಇ.ಟಿ. ಮೂಲಕ ಸೀಟು ಪಡೆದ ಹಿಂದುಳಿದ ವರ್ಗದ ಮಕ್ಕಳಿಗೆ ದೇವರಾಜ ಅರಸು ನಿಗಮದ 'ಅರಿವು' ಸಾಲ ಇದೆ. ವರ್ಷಕ್ಕೆ 1 ಲಕ್ಷದವರೆಗೆ, ನೂರಕ್ಕೆ 2ರ ಬಡ್ಡಿ, ಅದೂ ವರ್ಷದ ಲೆಕ್ಕ. ಸಾಹುಕಾರರ ಬಡ್ಡಿಯನ್ನೂ ಇದನ್ನೂ ತಾವೇ ಹೋಲಿಸಿ ನೋಡಿರಿ.

ಬಂದ ರೊಕ್ಕ ಎಲ್ಲಿಗೆ ಹೋಯಿತು?

ಹೋದ ವರ್ಷ ಗೋಕಾಕ ಕಡೆಯ ಒಬ್ಬ ಹಿರಿಯರು ನನ್ನನ್ನು ಹುಡುಕಿಕೊಂಡು ಬಂದರು. ಸೀಜನ್ನಿನಲ್ಲಿ ಕಬ್ಬು ಕಡಿಯಲು ಹೋಗುವ ಮನೆಯವರು. ಮಗಳು ಪದವಿಯ ಎರಡನೆಯ ವರ್ಷ.

"ಸಾಹೇಬ್ರ, ಹುಡುಗಿ ಅರ್ಜಿ ಹಾಕಿ ವರ್ಷ ಆತು. ರೊಕ್ಕ ಬಂದಿಲ್ರಿ. ಇನ್ನ ಮನ್ಯಾಗ ಕುಂದ್ರಸಬೇಕಂತ ಮಾಡೇನಿ."

"ಕಾಕಾ, ಅವಸರ ಮಾಡಬ್ಯಾಡ್ರಿ. ಆಕಿ ಆಧಾರ ಯಾವ ಬ್ಯಾಂಕಿಗೆ ಜೋಡೈತಿ, ಮೊದಲ ಅದನ್ನ ನೋಡೂಣು."

ನಾವು ಮೂವರೂ ಕೂಡಿ ಹೋಗಿ ನೋಡಿಸಿದೆವು. ಹುಡುಗಿ ಕಾಲೇಜಿನ ಹತ್ತಿರ ತೆರೆದ ಹೊಸ ಖಾತೆಯ ಪಾಸ್‌ಬುಕ್ಕನ್ನೇ ತಿಂಗಳು ತಿಂಗಳು ತೋರಿಸಿ ಕೇಳುತ್ತಿದ್ದಳು. ಆಧಾರ ಜೋಡಣೆಯಾಗಿದ್ದುದು ಪ್ರಾಥಮಿಕ ಶಾಲೆಯಲ್ಲಿದ್ದಾಗ ತೆರೆದ ಹಳೆಯ ಖಾತೆಗೆ. ರೊಕ್ಕ ಅಲ್ಲಿ ಬಂದು ಏಳು ತಿಂಗಳಾಗಿತ್ತು. ಕಾಕಾ ಬ್ಯಾಂಕಿನ ಬಾಗಿಲಲ್ಲಿ ಕೂತು ಟವೆಲಿನಿಂದ ಮುಖ ಒರೆಸಿಕೊಂಡರು. ಆ ಹುಡುಗಿ ಈಗ ಮೂರನೆಯ ವರ್ಷ ಓದುತ್ತಿದ್ದಾಳೆ.

ಇಂದಿನ ದಿನ ಸರಕಾರದ ಹಣ ಪಾಸ್‌ಬುಕ್ಕು ನೋಡಿ ಬರುವುದಿಲ್ಲ, ಆಧಾರ ನೋಡಿ ಬರುತ್ತದೆ. ಆದುದರಿಂದ ಇವಿಷ್ಟನ್ನು ಮೊದಲೇ ಸರಿಮಾಡಿಕೊಳ್ಳತಕ್ಕದ್ದು:

1. ಹತ್ತನೆಯ ತರಗತಿಯ ಅಂಕಪಟ್ಟಿ, ಆಧಾರ ಮತ್ತು ಬ್ಯಾಂಕಿನ ಪಾಸ್‌ಬುಕ್ಕು, ಮೂರರಲ್ಲಿಯೂ ಮಗುವಿನ ಹೆಸರು ಒಂದೇ ರೀತಿ ಇರಬೇಕು. ಒಂದರಲ್ಲಿ ಅಡ್ಡಹೆಸರು ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೂ ಅರ್ಜಿ ನಿಲ್ಲಬಹುದು.

2. ಮಗುವಿನ ಹೆಸರಿನಲ್ಲಿ ಚಾಲ್ತಿಯಲ್ಲಿರುವ ಖಾತೆ ಇರಬೇಕು, ಅದಕ್ಕೇ ಆಧಾರ ಜೋಡಣೆಯಾಗಿರಬೇಕು. ಇದನ್ನು ಬ್ಯಾಂಕಿನಲ್ಲಿ ಕೇಳಿ ಖಾತ್ರಿ ಮಾಡಿಕೊಳ್ಳಿರಿ.

3. ಆಧಾರಕ್ಕೆ ಕೊಟ್ಟ ಮೊಬೈಲ್ ನಂಬರು ಮನೆಯಲ್ಲಿಯೇ ಇರಬೇಕು. ಸಿಮ್ಮು ಬದಲಿಸಿದರೆ ಆಧಾರದಲ್ಲಿಯೂ ಬದಲಿಸಬೇಕು.

4. ಜಾತಿ ಮತ್ತು ವರಮಾನದ ಪ್ರಮಾಣಪತ್ರವನ್ನು ನಾಡಕಚೇರಿಯಲ್ಲಿ ಮೊದಲೇ ಮಾಡಿಸಿಡಿರಿ. ವರಮಾನದ ಪತ್ರಕ್ಕೆ 5 ವರ್ಷದ ಅವಧಿ. ಅಣ್ಣನಿಗೆ ಮಾಡಿಸಿದ್ದು ತಮ್ಮನ ಕಾಲಕ್ಕೆ ಮುಗಿದಿರಬಹುದು. ಅದರ ಮೇಲಿನ ಆರ್.ಡಿ. ಸಂಖ್ಯೆಯನ್ನೇ ಅರ್ಜಿಯಲ್ಲಿ ಕೇಳುತ್ತಾರೆ.

5. ಅರ್ಜಿ ಹಾಕಿದ ಮೇಲೆ ಬಂದ ಸಂಖ್ಯೆಯನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಿರಿ. ತಿಂಗಳಿಗೊಮ್ಮೆ ಅದರ ಸ್ಥಿತಿಯನ್ನು ನೋಡಿರಿ.

"ಇಷ್ಟು ಕೊಟ್ಟರೆ ಶಿಷ್ಯವೇತನ ಮಂಜೂರು ಮಾಡಿಸುತ್ತೇನೆ" ಎಂದು ಯಾರಾದರೂ ಬಂದರೆ ಒಂದು ಚೊಂಬು ನೀರು ಕೊಟ್ಟು ಕಳಿಸಿರಿ. ಫೋನಿಗೆ ಬಂದ ಗುಪ್ತ ಅಂಕಿಯನ್ನು ಯಾರಿಗೂ ಹೇಳಬೇಡಿರಿ.

ಹದ ನೋಡಿ ಬಿತ್ತೋಣ

ಮಿರಗ ಮಳೆ ಬಿದ್ದ ಮೇಲೆ ಬೀಜ ಹುಡುಕಲು ಹೋಗುವ ಒಕ್ಕಲಿಗನನ್ನು ಊರೇ ನಗುತ್ತದೆ. ಬೀಜ, ಗೊಬ್ಬರ, ಕೂರಿಗೆ ಎಲ್ಲ ಮೊದಲೇ ಸಿದ್ಧವಿರುತ್ತವೆ, ಹದ ಬಂದ ದಿನ ಬಿತ್ತುತ್ತೇವೆ. ಮಗುವಿನ ಅರ್ಜಿಗೂ ಹದವಿದೆ, ಅದು ಕೆಲವೇ ದಿನ ಇರುತ್ತದೆ. ದೀಪಾವಳಿಯ ಹೊತ್ತಿಗೆ ಉತಾರ, ಎಫ್.ಐ.ಡಿ., ಜಾತಿ ವರಮಾನದ ಪತ್ರ ಮುಗಿಯಲಿ. ಸಂಕ್ರಾಂತಿಗೆ ಸಿ.ಇ.ಟಿ. ಅರ್ಜಿ ಹಾಕಿರಿ. ಬೇಸಿಗೆಯಲ್ಲಿ ಪರೀಕ್ಷೆ, ಕಾರಹುಣ್ಣಿಮೆಯ ಆಚೀಚೆ ಕಾಲೇಜಿನ ಪಟ್ಟಿ. ಸೇರಿದ ವಾರದಲ್ಲಿಯೇ ಹಾಸ್ಟೆಲಿಗೆ ಅರ್ಜಿ, ಬಾಗಿಲು ತೆರೆದ ಕೂಡಲೇ ಎಸ್.ಎಸ್.ಪಿ. ಅರ್ಜಿ.

ನಿಮ್ಮ ಊರಿಗೆ ನಾನು ಬರುವ ದಿನ ತಾವು ಬಲ್ಲಿರಿ. ಬೆಳೆಗೆ ಬಿದ್ದ ಹುಳವನ್ನು ತಂದು ತೋರಿಸುವ ಹಾಗೆ ಉತಾರವನ್ನೂ ತಂದು ತೋರಿಸಿರಿ. ಯಾವ ಕಾಗದ ಎಲ್ಲಿ ಆಗಬೇಕೆಂದು ಕೂತು ಬರೆದು ಕೊಡುತ್ತೇನೆ. ನಮ್ಮ ಮನೆಯಲ್ಲಿ ಈಗ ಉತಾರ ಸರಿಯಾಗಿದೆ, ಅಪ್ಪನ ಎಫ್.ಐ.ಡಿ. ಆಗಿದೆ. ತಂಗಿಗೆ ಅದು ತಡವಾಯಿತು. ಕಾಕಾನ ಮಗ ಹತ್ತನೆಯ ತರಗತಿಯಲ್ಲಿದ್ದಾನೆ, ಅವನಿಗೆ ತಡವಾಗುವುದಿಲ್ಲ. ನಿಮ್ಮ ಮನೆಯಲ್ಲಿ ಯಾರಿಗೂ ತಡವಾಗದಿರಲಿ ಎಂದು ಹೇಳಿ ನನ್ನ ಮಾತು ಮುಗಿಸುತ್ತೇನೆ.